ಬಿಲ್ವಪತ್ರೆಯೂ ಎಲೆಹುಳುವೂ

ಬೆಳಗಾವಿಯ ಆಟೋ ನಗರವು ವಾಹನ ದುರಸ್ತಿಯ ಹಾಗೂ ಸಣ್ಣ ಕಾರ್ಖಾನೆಗಳ ನೆಲೆ. ಕಾಯಕವೇ ಉಸಿರಾದ ಇಂತಹ ಬಡಾವಣೆಗಳಲ್ಲಿ ಬರಿಯ ಮಣ್ಣು ಉಳಿಯುವುದು ಆವರಣದ ಗೋಡೆಯ ಬುಡದಲ್ಲಿ, ಒಂದೆರಡು ಮೊಳದ ಪಟ್ಟಿಯಾಗಿ. ಅಲ್ಲಿ ಏನನ್ನು ನೆಡಬೇಕೆಂಬುದನ್ನು ಜನರು ಅಂದಚೆಂದದ ಮಾತೆಂದೇ ಎಣಿಸುವರು. ದಯೆಯನ್ನು ಧರ್ಮಕ್ಕೆ ಮೂಲವಾಗಿ ಕಂಡ ಬಸವಣ್ಣನವರ ಮಾರ್ಗದಲ್ಲಿ ನಡೆಯುವವರಿಗೆ ಅದು ದಯೆಯ ಪ್ರಶ್ನೆಯೂ ಅಹುದು.

ಇಷ್ಟಲಿಂಗಪೂಜೆಗೆಂದು ಗೃಹಸ್ಥನು ಅಲ್ಲಿ ಬಿಲ್ವದ ಸಸಿಯನ್ನು ನೆಡುವನು. ಮಳೆಗಾಲದ ಚಿಗುರಿನೊಡನೆ ಹುಳುವೂ ಬರುವುದು. ನಿಂಬೆ, ಕರಿಬೇವು, ಬಿಲ್ವ ಇವು ಒಂದೇ ಕುಲದ ಗಿಡಗಳು. ನಿಂಬೆಯ ಚಿಟ್ಟೆಯು ಇವುಗಳ ಎಲೆಯ ಮೇಲೆ ಮೊಟ್ಟೆಯಿಡುವುದು. ಮರಿಹುಳುವು ಮೊದಲು ಹಕ್ಕಿಯ ಹಿಕ್ಕೆಯಂತೆ ತೋರಿ, ಬೆಳೆದ ಬಳಿಕ ಹಸುರಾಗಿ ಎಲೆಯಲ್ಲಿ ಬೆರೆತುಹೋಗುವುದು. ತೂತಾದ ಪತ್ರೆಯು ಪೂಜೆಗೆ ಸಲ್ಲದೆಂಬುದು ಅನೇಕ ಮನೆಗಳ ರೂಢಿ. ಆಗ ಭಕ್ತನ ಕೈ ವಿಷದ ಸೀಸೆಗೆ ಹೋಗುವುದು. ಶಿವನಿಗೆ ಅರ್ಪಿಸುವ ಎಲೆಯನ್ನು ಕಾಯಲು ಶಿವನಿತ್ತ ಜೀವವನ್ನು ತೆಗೆಯುವುದು ಸರಿಯೆ?

ಭಕ್ತನನ್ನು ಹಳಿದರೆ ಪ್ರಶ್ನೆ ತೀರದು. ಎಳೆಯ ಸಸಿಯನ್ನು ಹುಳುಗಳು ಬೋಳುಮಾಡಬಲ್ಲವು. ಅವನ್ನು ಮೆಲ್ಲಗೆ ಎತ್ತಿ ಬೆಳೆದ ಕರಿಬೇವಿನ ಗಿಡಕ್ಕೆ ಬಿಡುವುದರಲ್ಲಿ ದೋಷವಿಲ್ಲ. ವಿಷವಾದರೋ ಆ ಹುಳುವಿನಲ್ಲಿಯೇ ನಿಲ್ಲುವುದಿಲ್ಲ. ಕಾಳು ತಿನ್ನುವ ಗುಬ್ಬಿ ಕೂಡ ತನ್ನ ಎಳೆಯ ಮರಿಗೆ ಹುಳುವನ್ನೇ ಉಣಿಸುವುದು. ದಾಸೋಹದ ಪಂಕ್ತಿಯಲ್ಲಿ ಬಂದವರ ಕುಲವನ್ನು ಕೇಳದ ಮನೆಯು ಹುಳುವಿನ ಕುಲವನ್ನು ಮಾತ್ರ ಏಕೆ ಕೇಳಬೇಕು?

ಕೆಲವರು ಈ ತೊಡಕೇ ಬೇಡವೆಂದು ಸದಾ ಹಸುರಾಗಿರುವ ಪರದೇಶದ ಗಿಡಗಳನ್ನು ಸಾಲಾಗಿ ನೆಡುವರು. ಅಂತಹ ಕೋನೋಕಾರ್ಪಸ್ ಗಿಡವನ್ನು ಗುಜರಾತದ ಅರಣ್ಯ ಇಲಾಖೆಯು 2023ರಲ್ಲಿ ನಿಷೇಧಿಸಿತು. ಇನ್ನು ಕೆಲವರು ಮರದ ಬುಡಕ್ಕೇ ಸಿಮೆಂಟು ಬಳಿಯುವರು. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು 2013ರಲ್ಲಿ ರಾಷ್ಟ್ರೀಯ ಹಸುರು ನ್ಯಾಯಾಧಿಕರಣವೇ ಆಜ್ಞಾಪಿಸಬೇಕಾಯಿತು! ಗ್ಯಾರೇಜುಗಳಿರುವ ಕಡೆ ಇದು ಇನ್ನೂ ಗುರುತರವಾದ ಸಂಗತಿ. ಮುಚ್ಚಿದ ನೆಲದ ಮೇಲೆ ಬಿದ್ದ ಮಳೆನೀರು ಎಣ್ಣೆಯನ್ನು ಹೊತ್ತು ಗಟಾರವನ್ನು ಸೇರುವುದು. ಎಣ್ಣೆ ಚೆಲ್ಲದೆಡೆಯಲ್ಲಿ ಮಣ್ಣನ್ನು ತೆರೆದಿಟ್ಟರೆ ಛಾವಣಿಯ ನೀರಾದರೂ ಅಲ್ಲಿಯೇ ಇಂಗುವುದು. ಬಿಲ್ವಕ್ಕೂ ಉಸಿರಾಡಲು ಎಡೆ ದೊರೆಯುವುದು.

ನಿತ್ಯಪೂಜೆಗೆ ಬೇಕಾದುದು ಕೆಲವೇ ಪತ್ರೆಗಳು. ಬೆಳೆದ ಮರದಲ್ಲಿ ತೂತಿಲ್ಲದ ಅಷ್ಟು ಎಲೆಗಳನ್ನು ಹುಡುಕಲು ಗೃಹಸ್ಥನಿಗೆ ಬೆಳಗಿನಲ್ಲಿ ತುಸು ಹೊತ್ತು ಹೆಚ್ಚು ಹಿಡಿದೀತು.