ಪರಗೃಹದ ಕಥೆಯೂ ಸ್ವಗೃಹದ ಪ್ರಶ್ನೆಯೂ



ದೂರದರ್ಶನದ ಧಾರಾವಾಹಿಗಳನ್ನು ನೋಡುವುದು ಆಸ್ತಿಕರಿಗೆ ಯುಕ್ತವೋ ಅಯುಕ್ತವೋ ಎಂಬ ಪ್ರಶ್ನೆಯು ಪ್ರವಚನದ ಅನಂತರ ಅನೇಕ ಸಲ ನಮ್ಮ ಮುಂದೆ ಬಂದಿದೆ. ಏಕಾದಶಿಯ ದಿನವಾದರೂ ಬಿಡಬೇಕೆಂದು ಕೆಲವರು, ಎಂದೂ ನೋಡಲಾಗದೆಂದು ಕೆಲವರು, ನೋಡಿದರೆ ಬಾಧಕವೇನೆಂದು ಮತ್ತೆ ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ನಮಗೆ ಹೆಚ್ಚಿನ ಆಸಕ್ತಿಯಿಲ್ಲ. ನೋಡುವವರು ನೋಡಿಯೇ ನೋಡುತ್ತಾರೆ. ನೋಡಿದ ಮೇಲೆ ಅವರು ಆಡುವ ಮಾತು ಎಂತಹುದು ಎಂಬುದು ಮಾತ್ರ ವಿಚಾರಯೋಗ್ಯವೆಂದು ನಮಗೆ ತೋರುತ್ತದೆ. ‘ಆ ಹುಡುಗಿ ಅವನನ್ನು ಒಪ್ಪಬಾರದಿತ್ತು’, ‘ಆ ತಾಯಿ ಅಷ್ಟು ಸಹಿಸಬಾರದಿತ್ತು’, ‘ಮಗನಾದವನು ಮುದುಕರ ಮಾತು ಕೇಳಬೇಕಿತ್ತು’ ಎಂದು ತೀರ್ಪು ಕೊಡುವಾಗ ನಮ್ಮ ಜನರು ತೋರುವ ನಿಶ್ಚಯಬುದ್ಧಿಯನ್ನು ಕಂಡರೆ ಧರ್ಮಾಧಿಕಾರಿಗಳಿಗೂ ಅಸೂಯೆಯಾದೀತು.

ಈ ಬಗೆಯ ತೀರ್ಪುಗಾರಿಕೆ ನಮ್ಮ ದೇಶದಲ್ಲಿ ವ್ಯಾಪಕವಾಗಿ ಹಬ್ಬಿದ ಕಾಲವನ್ನು ಹಿರಿಯರು ಮರೆತಿರಲಾರರು. 1984ನೆಯ ಇಸವಿ ಜುಲೈ 7ರಂದು ದೂರದರ್ಶನದಲ್ಲಿ ‘ಹಮ್ ಲೋಗ್’ ಎಂಬ ಹಿಂದೀ ಧಾರಾವಾಹಿ ಆರಂಭವಾಯಿತು. 150ಕ್ಕೂ ಮಿಕ್ಕಿದ ಕಂತುಗಳಲ್ಲಿ ನಡೆದು 1985ರ ಡಿಸೆಂಬರ್ 17ರಂದು ಮುಗಿಯಿತು. ಬರೆದವರು ಮನೋಹರ ಶ್ಯಾಮ ಜೋಶಿಯವರು, ನಿರ್ದೇಶಿಸಿದವರು ಪಿ. ಕುಮಾರ್ ವಾಸುದೇವ್ ಅವರು. ಮೆಕ್ಸಿಕೋ ದೇಶದಲ್ಲಿ ವಯಸ್ಕರ ಶಿಕ್ಷಣವನ್ನೂ ಕುಟುಂಬ ಯೋಜನೆಯನ್ನೂ ಕಥೆಯ ಮೂಲಕ ಜನರಿಗೆ ಮುಟ್ಟಿಸಿದ ಕ್ರಮವನ್ನು ತಿಳಿದು, ಅಂದಿನ ಕೇಂದ್ರ ಸಚಿವರಾದ ವಸಂತ ಸಾಠೆಯವರು ಅದನ್ನು ಇಲ್ಲಿಯೂ ಅನುಸರಿಸಲು ಆಸ್ಥೆ ವಹಿಸಿದ್ದರು. ಮೊದಮೊದಲು ಅದರಲ್ಲಿ ಉಪದೇಶವೇ ಅಧಿಕವಾಗಿತ್ತು. ಜನರಿಗೆ ಅದು ರುಚಿಸಲಿಲ್ಲ. ಪ್ರವಚನ ಮಾಡುವ ನಮಗೆ ಇದು ಹೊಸ ಸಂಗತಿಯೇನಲ್ಲ. ಉಪದೇಶವನ್ನು ತಗ್ಗಿಸಿ ಕಥೆಗೆ ಪ್ರಾಧಾನ್ಯ ಕೊಟ್ಟ ಮೇಲೆ ದೇಶವೇ ಪೆಟ್ಟಿಗೆಯ ಮುಂದೆ ಕುಳಿತಿತು.

ಕಥೆಯಲ್ಲಿದ್ದುದು ಉತ್ತರ ಹಿಂದೂಸ್ಥಾನದ ಒಂದು ಮಧ್ಯಮ ವರ್ಗದ ಕುಟುಂಬ. ಸೈನ್ಯದಲ್ಲಿದ್ದು ನಿವೃತ್ತರಾದ ಅಜ್ಜ, ಅವರ ಪತ್ನಿ, ಕುಡಿತಕ್ಕೆ ದಾಸನಾದ ಮಗ ಬಸೇಸರ ರಾಮ್, ಅವನ ಹೆಂಡತಿ ಭಾಗವಂತಿ. ಮಕ್ಕಳಲ್ಲಿ ಲಲ್ಲೂ ಉದ್ಯೋಗವಿಲ್ಲದೆ ಅಲೆಯುವವನು, ನನ್ಹೇ ಕ್ರಿಕೆಟ್ಟಿನ ಕನಸು ಕಾಣುವವನು. ಹಿರಿಯ ಮಗಳು ಬಡಕೀ ಸಮಾಜಸೇವೆಯಲ್ಲಿ ಮನಸ್ಸಿಟ್ಟವಳು. ನಡುವಿನವಳು ಚಿತ್ರನಟಿಯಾಗಬೇಕೆಂದು ಹೊರಟು ಮೋಸಹೋದವಳು. ಕಿರಿಯವಳಿಗೆ ವೈದ್ಯಳಾಗುವ ಹಂಬಲ. ಪ್ರತಿ ಕಂತಿನ ಅಂತ್ಯದಲ್ಲಿ ಹಿರಿಯ ನಟ ಅಶೋಕ್ ಕುಮಾರ್ ಅವರು ತೆರೆಯ ಮೇಲೆ ಬಂದು, ಇವರ ನಡತೆಯ ಬಗ್ಗೆ ಪ್ರೇಕ್ಷಕರಿಗೆ ಪ್ರಶ್ನೆ ಹಾಕಿ ಹೋಗುತ್ತಿದ್ದರು. ಉತ್ತರವಾಗಿ ಬಂದ ಪತ್ರಗಳ ಸಂಖ್ಯೆ ನಾಲ್ಕು ಲಕ್ಷ! ಬಡಕೀ ಮದುವೆಯಾಗಬೇಕೋ ಬೇಡವೋ ಎಂದು ತೊಳಲಾಡುತ್ತಿದ್ದಾಗ ತರುಣಿಯರು ಅವಳಿಗೆ ಬುದ್ಧಿ ಹೇಳಿ ಬರೆದರು. ಅಜ್ಜಿಗೆ ಗಂಟಲಿನ ಅರ್ಬುದವಾಯಿತೆಂದು ಕಥೆಯಲ್ಲಿ ಬಂದಾಗ ಆ ಪಾತ್ರ ಸಾಯಕೂಡದೆಂದು ಜನರು ಒತ್ತಾಯಿಸಿದ್ದರಿಂದ ಮರಣವನ್ನು ಮುಂದೂಡಬೇಕಾಯಿತೆಂದು ಪ್ರಸಿದ್ಧಿಯಿದೆ. ಆಯುಸ್ಸನ್ನು ಕೊಡುವವನು ಶ್ರೀಹರಿಯೊಬ್ಬನೇ ಎಂದು ನಂಬಿದ ನಾಡಿನಲ್ಲಿ ಅಂಚೆಯ ಕಾಗದಗಳು ಒಬ್ಬ ಅಜ್ಜಿಯ ಆಯುಸ್ಸನ್ನು ಬೆಳೆಸಿದುವು!

ನಮ್ಮ ಕನ್ನಡನಾಡಿನಲ್ಲಿಯೂ ಇದೇ ಪರಿ. 1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ಟಿ. ಎನ್. ಸೀತಾರಾಮ್ ಮೊದಲಾದವರ ‘ಮಾಯಾಮೃಗ’ ಬರುತ್ತಿದ್ದಾಗ ಸಂಜೆಯ ಕೆಲಸಗಳನ್ನು ಅದರ ವೇಳೆಗೆ ಹೊಂದಿಸಿಕೊಂಡ ಮನೆಗಳನ್ನು ನಾವು ಬಲ್ಲೆವು. ಈಗಂತೂ ಪೆಟ್ಟಿಗೆಯ ಮುಂದೆ ಕೂಡುವ ಕಟ್ಟೂ ಇಲ್ಲ, ಅಂಗೈಯ ಮೊಬೈಲಿನಲ್ಲಿಯೇ ಕಥೆ ನಡೆಯುತ್ತದೆ.

ಇಲ್ಲದವರಿಗಾಗಿ ಅಳುವುದು ಹುಚ್ಚಲ್ಲವೇ ಎಂದು ಪರಿಹಾಸ್ಯ ಮಾಡುವವರುಂಟು. ನಾವು ಹಾಗೆ ಹೇಳುವುದಿಲ್ಲ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಕನಸಿಗೂ ಒಂದು ಗೌರವವಿದೆ. ಕನಸಿನ ಪದಾರ್ಥಗಳು ಶುದ್ಧ ಸುಳ್ಳಲ್ಲ. ಜೀವನ ಮನಸ್ಸಿನಲ್ಲಿ ಹುದುಗಿರುವ ವಾಸನೆಗಳನ್ನೇ ಉಪಾದಾನವಾಗಿ ಮಾಡಿಕೊಂಡು ಶ್ರೀಹರಿಯೇ ಅವುಗಳನ್ನು ಸೃಷ್ಟಿಸಿ ತೋರಿಸುತ್ತಾನೆ. ಅವು ಎಚ್ಚರದಲ್ಲಿ ಹೊರಗೆ ಕಾಣುವ ಪದಾರ್ಥಗಳೇ ಎಂದು ತಿಳಿಯುವುದಷ್ಟೇ ಭ್ರಾಂತಿ. ಕನಸಿನ ಆನೆಯನ್ನು ಕಂಡು ಹೆದರಿದವನ ಹೆದರಿಕೆಯಂತೂ ಸತ್ಯವೇ ಸರಿ. ಸುಖದುಃಖಗಳನ್ನು ನೇರವಾಗಿ ಅರಿಯುವ ಸಾಕ್ಷಿಯು ಎಂದೂ ಮೋಸಹೋಗುವುದಿಲ್ಲವೆಂಬುದು ನಮ್ಮ ಸಂಪ್ರದಾಯದ ದೃಢವಾದ ನಿರ್ಣಯ. ಆದುದರಿಂದ ಭಾಗವಂತಿಗಾಗಿ ಕಣ್ಣೀರಿಟ್ಟ ತಾಯಿಯ ದುಃಖ ನಿಜವಾದ ದುಃಖವೇ. ಹಾಗಾದರೆ ಅದು ಯಾವ ವಾಸನೆಯಿಂದ ಹುಟ್ಟಿತು? ತೆರೆಯ ಮೇಲಿನ ಹೆಂಗಸನ್ನು ನೋಡುತ್ತಾ ಆಕೆ ಯಾರನ್ನು ನೆನೆದು ಅತ್ತಳು? ಇದನ್ನು ಕೇಳುವವರು ವಿರಳ.

ಈ ಭಾಗವಂತಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಹೆಸರಿನಲ್ಲಿ ಭಾಗ್ಯವಿದ್ದರೂ ಬದುಕಿನಲ್ಲಿ ಅದು ಕಾಣದವಳು. ಗಂಡನ ಬೈಗುಳನ್ನೂ ಅತ್ತೆಯ ಕಟುನುಡಿಯನ್ನೂ ನುಂಗಿಕೊಂಡು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು. ಹೀಗೆ ಇರಬಾರದೆಂದು ಜನರಿಗೆ ತೋರಿಸುವುದಕ್ಕಾಗಿಯೇ ಆ ಪಾತ್ರವನ್ನು ರಚಿಸಿದ್ದರು. ಆದರೆ ಅರವಿಂದ ಸಿಂಘಾಲ್ ಹಾಗೂ ಎವರೆಟ್ ರೋಜರ್ಸ್ ಎಂಬ ವಿದ್ವಾಂಸರು ಪ್ರೇಕ್ಷಕರ ಪತ್ರಗಳನ್ನು ಪರಿಶೀಲಿಸಿ, ಪ್ರೇಕ್ಷಕರ ಅಭಿಪ್ರಾಯಗಳನ್ನೂ ಸಂಗ್ರಹಿಸಿ ನೋಡಿದಾಗ ವಿಚಿತ್ರವೊಂದು ಗೋಚರಿಸಿತು. ಅನೇಕರಿಗೆ, ಅದರಲ್ಲಿಯೂ ಸ್ತ್ರೀಯರಿಗೆ, ಭಾಗವಂತಿಯೇ ಆದರ್ಶಳಾಗಿ ಕಂಡಿದ್ದಳು! ಎಚ್ಚರಿಕೆಗೆಂದು ನಿಲ್ಲಿಸಿದ ಕಂಬಕ್ಕೆ ಜನರು ಕುಂಕುಮ ಹಚ್ಚಿ ಕೈಮುಗಿದರು.

ಇದರಲ್ಲಿ ನಗುವಂತಹುದು ಏನೂ ಇಲ್ಲ. ಸಹನೆಯು ದೈವೀ ಸಂಪತ್ತು ಎಂದು ಪ್ರವಚನಗಳಲ್ಲಿ ಕೇಳುತ್ತಾ ಬಂದ ಜನರು ಸಹಿಸುವವಳನ್ನು ಕಂಡೊಡನೆ ಪೂಜಿಸಿದರೆ ಆಶ್ಚರ್ಯವೇನು? ಆದರೆ ಸಹನೆಯ ವಿಷಯದಲ್ಲಿ ಮಹಾಭಾರತವು ಏನು ಹೇಳುತ್ತದೆ ಎಂಬುದನ್ನು ಪೂರ್ತಿಯಾಗಿ ಕೇಳಬೇಕು. ವನಪರ್ವದಲ್ಲಿ ದ್ರೌಪದೀದೇವಿಯು ಧರ್ಮರಾಜನ ಮುಂದೆ ಈ ವಿಚಾರವನ್ನೇ ಎತ್ತುತ್ತಾಳೆ. ಪ್ರಹ್ಲಾದರಾಜರು ತಮ್ಮ ಮೊಮ್ಮಗನಾದ ಬಲಿಗೆ ಉಪದೇಶಿಸಿದುದನ್ನು ಅಲ್ಲಿ ಆಕೆ ಉದಾಹರಿಸುತ್ತಾಳೆ. ಸದಾ ಕೋಪಿಸುವುದೂ ಶ್ರೇಯಸ್ಕರವಲ್ಲ, ಸದಾ ಕ್ಷಮಿಸುವುದೂ ಶ್ರೇಯಸ್ಕರವಲ್ಲ. ಎಲ್ಲವನ್ನೂ ಕ್ಷಮಿಸುತ್ತಾ ಹೋಗುವವನನ್ನು ಅವನ ಆಳುಗಳೂ ತಿರಸ್ಕರಿಸುತ್ತಾರೆ ಎಂಬುದು ಅದರ ತಾತ್ಪರ್ಯ. ಧರ್ಮರಾಜನು ಕ್ಷಮೆಯನ್ನು ಎತ್ತಿಹಿಡಿದು ಉತ್ತರಿಸುತ್ತಾನೆ ನಿಜ. ಆದರೆ ಆತನು ಆಕೆಯ ಪ್ರಶ್ನೆಯನ್ನು ಕೇಳಿಸಿಕೊಂಡು ಉತ್ತರಿಸುತ್ತಾನೆ. ಸುಮ್ಮನಿರೆಂದು ಹೇಳಿ ಎದ್ದುಹೋಗುವುದಿಲ್ಲ. ಹದಿಮೂರು ವರ್ಷ ಸಹಿಸಿದವಳು ದ್ರೌಪದಿಯೂ ಹೌದು. ಆದರೆ ತುಂಬಿದ ಸಭೆಯಲ್ಲಿ ಪ್ರಶ್ನೆ ಕೇಳಿದ ಅನಂತರ ಸಹಿಸಿದಳು. ಪ್ರಶ್ನೆಯನ್ನೇ ನುಂಗಿಕೊಂಡು ಸಹಿಸುವುದು ಬೇರೆ, ಅದನ್ನು ಇದಕ್ಕೆ ಸಮನೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಕುಡುಕನ ಮನೆಯಲ್ಲಿ ತಾಯಿಯು ಸಹಿಸಿದ ಫಲವನ್ನು ಮಗಳು ಉಣ್ಣುವುದಾದರೆ ಅದನ್ನು ತಪಸ್ಸೆಂದು ಕರೆಯಲಾದೀತೇ?

ಇನ್ನು ಆ ಸಭೆಯ ವಿಚಾರ. ದ್ರೌಪದಿಯ ಪ್ರಶ್ನೆಗೆ ಭೀಷ್ಮಾಚಾರ್ಯರು ಧರ್ಮದ ಗತಿ ಸೂಕ್ಷ್ಮವೆಂದರು. ಉಳಿದವರು ತಲೆತಗ್ಗಿಸಿದರು. ಕೌರವರಲ್ಲಿಯೇ ಒಬ್ಬನಾದ ವಿಕರ್ಣನು ಎದ್ದು ನ್ಯಾಯವನ್ನು ನುಡಿದು ಬೈಸಿಕೊಂಡನು. ಆಗ ವಿದುರನು ಹೇಳಿದ ಇತಿಹಾಸವನ್ನು ಗಮನಿಸಿ. ಪ್ರಹ್ಲಾದರ ಮಗನಾದ ವಿರೋಚನನಿಗೂ ಸುಧನ್ವನೆಂಬ ಬ್ರಾಹ್ಮಣನಿಗೂ ತಮ್ಮಲ್ಲಿ ಶ್ರೇಷ್ಠನು ಯಾರೆಂದು ವಿವಾದವಾಗಿ, ಪ್ರಾಣವನ್ನೇ ಪಣವಾಗಿಟ್ಟು ಇಬ್ಬರೂ ಪ್ರಹ್ಲಾದರನ್ನೇ ನ್ಯಾಯ ಕೇಳಿದರು. ಒಂದೆಡೆ ಮಗನ ಪ್ರಾಣ, ಇನ್ನೊಂದೆಡೆ ಸತ್ಯ. ಪ್ರಹ್ಲಾದರು ಕಶ್ಯಪರಲ್ಲಿ ಧರ್ಮವನ್ನು ಕೇಳಿದಾಗ ಅವರು ಪಾಪದ ಹಂಚಿಕೆಯ ಲೆಕ್ಕವನ್ನೇ ಕೊಟ್ಟರು. ಸಭೆಯಲ್ಲಿ ನಿಂದ್ಯವಾದ ಕಾರ್ಯ ನಡೆದಾಗ ಅದನ್ನು ಯಾರೂ ನಿಂದಿಸದಿದ್ದರೆ ಪಾಪದ ಅರ್ಧವು ಸಭೆಯ ಹಿರಿಯನಿಗೆ, ಕಾಲುಭಾಗವು ಮಾಡಿದವನಿಗೆ, ಉಳಿದ ಕಾಲುಭಾಗವು ಸುಮ್ಮನೆ ಕುಳಿತ ಸಭಾಸದರಿಗೆ. ಮಾಡಿದವನಿಗಿಂತ ಮನೆಯ ಹಿರಿಯನಿಗೆ ಇಮ್ಮಡಿ ಪಾಲು! ಇದನ್ನು ಕೇಳಿದ ಪ್ರಹ್ಲಾದರು ಸ್ವಂತ ಮಗನ ವಿರುದ್ಧವಾಗಿಯೇ ತೀರ್ಪಿತ್ತರು. ಮೆಚ್ಚಿದ ಸುಧನ್ವನು ವಿರೋಚನನನ್ನು ಬದುಕಿಸಿದನೆಂಬುದು ಮುಂದಿನ ಕಥೆ. ಮಂತ್ರಾಲಯದ ರಾಯರನ್ನು ಪ್ರಹ್ಲಾದಾವತಾರರೆಂದು ಗುರುವಾರ ಗುರುವಾರ ಸೇವಿಸುವ ನಾವು ಪ್ರಹ್ಲಾದರ ಈ ತೀರ್ಪನ್ನು ಮಾತ್ರ ಅಪರೂಪಕ್ಕೂ ಸ್ಮರಿಸುವುದಿಲ್ಲ.

ಪೆಟ್ಟಿಗೆಯ ಮುಂದೆ ನಾಲಗೆ ಏಕೆ ಅಷ್ಟು ಹರಿತವಾಗುತ್ತದೆ ಎಂಬುದಕ್ಕೆ ಇಲ್ಲಿ ಕಾರಣ ದೊರೆಯುತ್ತದೆ. ಆ ಸಭೆಯಲ್ಲಿ ನಮಗೆ ಕಾಲುಭಾಗದ ಭಯವಿಲ್ಲ. ಬಸೇಸರ ರಾಮನನ್ನು ಎಷ್ಟು ಬೈದರೂ ಅವನು ನಾಳೆ ನಮ್ಮ ಬಾಗಿಲಿಗೆ ಬಂದು ಜಗಳವಾಡುವುದಿಲ್ಲ. ಬಡಕೀಗೆ ಹಿತವನ್ನು ಬರೆದರೆ ಅವಳ ಮದುವೆಯ ಖರ್ಚಿಗೆ ನಾವು ಹೊಣೆಯಲ್ಲ. ವೆಚ್ಚವಿಲ್ಲದ ಧರ್ಮವೆಂದರೆ ಇದೇ. ಆದರೆ ಅದೇ ಬೀದಿಯ ನಾಲ್ಕನೆಯ ಮನೆಯಲ್ಲಿ ರಾತ್ರಿ ಹತ್ತು ಗಂಟೆಯ ಅನಂತರ ಪಾತ್ರೆ ಎಸೆದ ಸದ್ದು ಕೇಳಿದಾಗ, ಮರುದಿನ ಆ ಮನೆಯ ಗೃಹಿಣಿಯು ಸೆರಗನ್ನು ಕೆನ್ನೆಯ ತನಕ ಎಳೆದುಕೊಂಡು ತೀರ್ಥಕ್ಕೆ ನಿಂತಾಗ, ಎಲ್ಲರಿಗೂ ಭೀಷ್ಮರ ವಾಕ್ಯವೇ ನೆನಪಾಗುತ್ತದೆ. ಧರ್ಮ ಸೂಕ್ಷ್ಮ, ಗಂಡಹೆಂಡಿರ ವಿಷಯ, ನಮಗೇಕೆ? ಇಂತಹ ಒಂದು ಬೀದಿಯನ್ನು ನಾವು ಬಲ್ಲೆವು. ಅಲ್ಲಿ ಧಾರಾವಾಹಿಯ ಹುಡುಗಿಯ ಓದು ನಿಂತಿತೆಂದು ವಾರವೆಲ್ಲ ಚರ್ಚೆಯಾಯಿತು. ಆ ನಾಲ್ಕನೆಯ ಮನೆಯ ಹುಡುಗಿ ಹತ್ತನೆಯ ತರಗತಿಗೆ ಹೋಗುವುದನ್ನು ಬಿಟ್ಟು ಹೂ ಕಟ್ಟಲು ಕುಳಿತಳು. ಅವಳಿಂದ ಹೂವನ್ನು ಕೊಂಡವರು ಅನೇಕರು, ಏಕೆ ಬಿಟ್ಟೆಯೆಂದು ಕೇಳಿದವರನ್ನು ಕಾಣೆವು.

ಪಾತ್ರಗಳನ್ನು ನೋಡುವ ಕ್ರಮವನ್ನು ಆಚಾರ್ಯರು ಕಲಿಸಿಯೇ ಇದ್ದಾರೆ. ಶ್ರೀಮನ್ಮಹಾಭಾರತತಾತ್ಪರ್ಯನಿರ್ಣಯದ 32 ಅಧ್ಯಾಯಗಳಲ್ಲಿ ಎರಡನೆಯದನ್ನು ಪಠಿಸಿದವರಿಗೆ ಇದು ತಿಳಿದ ವಿಷಯ. ಭಾರತದ ಕಥೆ ನಡೆದದ್ದು ಸತ್ಯ, ಅದರೊಂದಿಗೆ ಅದಕ್ಕೆ ಆಂತರವಾದ ಅರ್ಥವೂ ಉಂಟು. ಭೀಮಸೇನನು ಭಕ್ತಿ, ಜ್ಞಾನ, ವೈರಾಗ್ಯ ಮೊದಲಾದ ಹತ್ತು ಗುಣಗಳ ರೂಪನು, ದ್ರೌಪದಿಯು ವಿದ್ಯೆ. ದುರ್ಯೋಧನನು ಅಜ್ಞಾನ, ದುಃಶಾಸನನು ವಿಪರೀತಜ್ಞಾನ, ಶಕುನಿಯು ನಾಸ್ತಿಕ್ಯ, ಅಶ್ವತ್ಥಾಮನು ಅಹಂಕಾರ, ದ್ರೋಣಾದಿಗಳು ಇಂದ್ರಿಯಗಳು. ಇವರೆಲ್ಲರನ್ನೂ ನಿಯೋಜಿಸುವವನು ಶ್ರೀವಿಷ್ಣು. ವಿದ್ಯೆಯ ಸೆರಗಿಗೆ ಕೈಹಾಕುವುದು ವಿಪರೀತಜ್ಞಾನ ಎಂಬ ಮಾತನ್ನು ಒಂದು ಗಳಿಗೆ ಮನನ ಮಾಡಿ ನೋಡಿ. ಈ ಪಟ್ಟಿಯಲ್ಲಿ ‘ನೆರೆಮನೆಯವನು’ ಎಂಬುದು ಎಲ್ಲಿಯೂ ಇಲ್ಲ. ಎಲ್ಲರೂ ಕೇಳುವವನ ಎದೆಯ ಒಳಗಿನವರೇ. ಮಹಾಭಾರತಕ್ಕೂ ಧಾರಾವಾಹಿಗೂ ಸಾಮ್ಯವನ್ನು ಹೇಳುವ ಅವಿವೇಕ ನಮ್ಮದಲ್ಲ. ಆದರೆ ಪಾತ್ರವನ್ನು ಕಂಡಾಗ ಬೆರಳನ್ನು ಯಾವ ಕಡೆಗೆ ತಿರುಗಿಸಬೇಕೆಂಬ ಅಭ್ಯಾಸವು ಒಂದೆಡೆ ಕಲಿತರೆ ಇನ್ನೊಂದೆಡೆಗೂ ಒದಗುತ್ತದೆ. ‘ಹಮ್ ಲೋಗ್’ ಎಂದರೆ ಕನ್ನಡದಲ್ಲಿ ‘ನಾವು’ ಎಂದೇ ಅರ್ಥ. ಹೆಸರಿಟ್ಟವರು ಅಷ್ಟನ್ನು ಸ್ಪಷ್ಟವಾಗಿಯೇ ಹೇಳಿದ್ದರು. ನೋಡಿದವರು ‘ಅವರು’ ಎಂದು ಓದಿಕೊಂಡರು.

ಎಲ್ಲರೂ ಹಾಗೆಯೇ ಎನ್ನಲಾಗದು. ನಡುವಯಸ್ಸಿನ ಒಬ್ಬ ಮಾತೆಯು ಒಮ್ಮೆ ನಮ್ಮೊಡನೆ ಹೇಳಿದುದು ಹೀಗಿದೆ: ‘ಆ ಧಾರಾವಾಹಿಯ ಅತ್ತೆ ಸೊಸೆಗೆ ಹಳಸಿದ ಅನ್ನ ಇಟ್ಟಿದ್ದನ್ನು ನೋಡಿದೆ ಸ್ವಾಮಿ. ಎದ್ದುಹೋಗಿ ನನ್ನ ಸೊಸೆ ಊಟ ಮಾಡಿದಳೋ ಇಲ್ಲವೋ ಅಂತ ಕೇಳಿದೆ. ಮಾಡಿರಲಿಲ್ಲ.’ ಆಕೆಯು ಯಾವ ಶಾಸ್ತ್ರವನ್ನೂ ಓದಿದವರಲ್ಲ. ಇಂತಹವರು ಧಾರಾವಾಹಿಯನ್ನು ನೋಡಬಹುದೇ ಎಂದು ನಮ್ಮನ್ನು ಕೇಳಿದರೆ, ಏಕಾದಶಿಯ ದಿನವನ್ನು ಬಿಟ್ಟು ನೋಡಲಿ ಎನ್ನುತ್ತೇವೆ.

ಬರುವ ಚಾತುರ್ಮಾಸ್ಯದಲ್ಲಿ ಸಂಜೆಯ ಪ್ರವಚನಕ್ಕೆ ಸಭಾಪರ್ವವನ್ನು ತೆಗೆದುಕೊಳ್ಳಲು ನಿಶ್ಚಯಿಸಿದ್ದೇವೆ. ದ್ಯೂತದ ಪ್ರಕರಣವು ಬರುವ ವಾರದಲ್ಲಿ ಪ್ರವಚನವನ್ನು ಅರ್ಧ ಗಂಟೆ ಮುಂಚಿತವಾಗಿ ನಿಲ್ಲಿಸಿ, ಆ ಸಮಯವನ್ನು ಪ್ರಶ್ನೋತ್ತರಕ್ಕೆ ಬಿಡಲಾಗುವುದು. ಮೊದಲ ಪ್ರಶ್ನೆಯನ್ನು ಮಾತೆಯರ ಸಾಲಿನಿಂದಲೇ ತೆಗೆದುಕೊಳ್ಳುತ್ತೇವೆ. ಎದ್ದುನಿಂತು ಕೇಳಲು ಸಂಕೋಚವುಳ್ಳವರು ಹೆಸರನ್ನು ಬರೆಯದೆ ಚೀಟಿಯಲ್ಲಿ ಬರೆದು, ತೀರ್ಥ ಕೊಡುವ ಸ್ಥಳದ ಬಳಿ ಇರಿಸಿದ ಹಿತ್ತಾಳೆಯ ತಟ್ಟೆಯಲ್ಲಿ ಹಾಕಬಹುದು. ತಟ್ಟೆಯ ಚೀಟಿಗಳನ್ನು ನಾವೇ ಓದುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥