ಗುಣವಾಗದ ಜೀವಕ್ಕೆ ಆರೈಕೆಯೇಕೆ?

ಇಲಿಯೆಂದೊಡನೆ ನಮಗೆ ನೆನಪಾಗುವುದು ಬೋನು ಮತ್ತು ಪಾಷಾಣ. ಆದರೆ ಇಂಗ್ಲೆಂಡಿನಂತಹ ದೇಶಗಳಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ಇಲಿಯನ್ನು ಅಕ್ಕರೆಯಿಂದ ಸಾಕುತ್ತ ಬಂದಿದ್ದಾರೆ. ಅದರ ಆಯುಸ್ಸು ಎರಡರಿಂದ ಮೂರು ವರ್ಷ ಮಾತ್ರ. ಈ ಅಲ್ಪಾಯುಷಿ ಜೀವಿಗೆ ಬರುವ ಶ್ವಾಸರೋಗವೊಂದು ನಮ್ಮೆದುರು ಗಂಭೀರ ಪ್ರಶ್ನೆಯನ್ನಿಡುತ್ತದೆ: ಗುಣಪಡಿಸಲಾಗದ ಜೀವಕ್ಕೆ ನಾವು ಎಷ್ಟರಮಟ್ಟಿಗೆ ಋಣಿಗಳು?

ಈ ರೋಗಕ್ಕೆ ಮುಖ್ಯ ಕಾರಣ ಮೈಕೊಪ್ಲಾಸ್ಮಾ ಪಲ್ಮೋನಿಸ್ ಎಂಬ ಸೂಕ್ಷ್ಮಾಣು. ತಾಯಿಯಿಂದ ಮರಿಗೆ ದಾಟುವ ಇದು ಬಹುಪಾಲು ಸಾಕು ಇಲಿಗಳಲ್ಲಿ ಅಡಗಿರುತ್ತದೆ. ಮೊದಲು ಸೀನು, ಬಳಿಕ ಉಸಿರಿನಲ್ಲಿ ಗೊರಗೊರ ಸದ್ದು, ಕೊನೆಗೆ ಬಾಗಿದ ಬೆನ್ನು, ಕೆದರಿದ ಕೂದಲು, ಇಳಿಯುವ ತೂಕ. ಕಣ್ಣು ಮೂಗುಗಳ ಬಳಿ ಕಾಣುವ ಕೆಂಪು ಸಾಮಾನ್ಯವಾಗಿ ರಕ್ತವಲ್ಲ. ಕಣ್ಣಿನ ಹಿಂದಿನ ಗ್ರಂಥಿಯು ಸ್ರವಿಸುವ ಪಾರ್ಫಿರಿನ್ ಎಂಬ ವರ್ಣದ್ರವ್ಯ, ಒಳಗಿನ ಸಂಕಟದ ಸೂಚನೆ. ಪಶುವೈದ್ಯರು ಎದೆಯ ಸದ್ದನ್ನಾಲಿಸಿ, ಬೇಕಿದ್ದರೆ ಎಕ್ಸ್‌-ರೇ ತೆಗೆಸಿ ರೋಗವನ್ನು ಗುರುತಿಸುತ್ತಾರೆ. ಈ ಸೂಕ್ಷ್ಮಾಣುವಿಗೆ ಕೋಶಭಿತ್ತಿಯೇ ಇಲ್ಲವಾದ್ದರಿಂದ ಅದರ ಮೇಲೆ ಪೆನಿಸಿಲಿನ್ ಫಲಿಸದು. ಡಾಕ್ಸಿಸೈಕ್ಲಿನ್, ಎನ್ರೋಫ್ಲಾಕ್ಸಸಿನ್‌ನಂತಹ ಔಷಧಿಗಳನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ವಾರಗಟ್ಟಲೆ ಕೊಡಬೇಕಾಗುತ್ತದೆ. ಅವು ರೋಗವನ್ನು ಹತೋಟಿಯಲ್ಲಿಡುತ್ತವೆ, ಬೇರುಸಹಿತ ಕೀಳಲಾರವು.

ಇನ್ನೊಂದು ಮಾತುಂಟು. ಗೂಡಿನಲ್ಲಿ ನಿಂತ ಮೂತ್ರದಿಂದೇಳುವ ಅಮೋನಿಯಾ ಶ್ವಾಸನಾಳವನ್ನು ಕೆರಳಿಸಿ ರೋಗವನ್ನು ಉಲ್ಬಣಗೊಳಿಸುತ್ತದೆ. ರೋಗಾಣು ನಮ್ಮ ತಪ್ಪಲ್ಲ. ಮಲಿನ ಗೂಡು ನಮ್ಮ ತಪ್ಪು. ಕಣ್ಣೀರು ಸುರಿಸುವ ಮುನ್ನ ಗೂಡು ತೊಳೆಯುವುದೇ ಪ್ರೀತಿಯ ಮೊದಲ ಪಾಠ.

ಬಡ ರೋಗಿಗೆ ಔಷಧಿಯಿಲ್ಲದಿರುವಾಗ ಇಲಿಗೇಕೆ ಖರ್ಚು ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆಯಿದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಎರಡನ್ನೂ ಒಟ್ಟಿಗೇ ಬೋಧಿಸುತ್ತದೆ: ಪ್ರಾಣಿಗಳನ್ನು ವೃಥಾ ನರಳಿಸಬಾರದು, ಮಾನವರ ಸಂಕಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯಲೂಬಾರದು. ಆದ್ದರಿಂದ ಅಳತೆ ಬೇಕು. ಆದರೆ ಅದನ್ನು ಮನೆಗೆ ತಂದವರು ನಾವು. ಗೂಡಿನ ಚಿಲಕ ನಮ್ಮ ಕೈಯಲ್ಲಿದೆ. ತಂದ ಮೇಲೆ ಇಲಿ ತಾನೇ ಎನ್ನುವುದು ಅಳತೆಯಲ್ಲ, ನುಣುಚಿಕೊಳ್ಳುವ ಉಪಾಯ. ಇಲಿಗೆ ಕೊಡದೆ ಉಳಿಸಿದ ಹಣ ಬಡವನ ಕೈ ಸೇರಿತೇ ಎಂದೂ ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಔಷಧಿಯೂ ಸೋತು ಪ್ರತಿ ಉಸಿರೂ ಹಿಂಸೆಯಾದಾಗ ವೈದ್ಯರ ಕೈಯಿಂದ ನೋವಿಲ್ಲದ ಅಂತ್ಯವನ್ನು ಕೊಡಿಸುವುದು ಪ್ರಾಣಿಗೆ ತೋರುವ ಕರುಣೆಯಾದೀತು. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ಮಾನವನ ವಿಷಯದಲ್ಲಿ ಆ ದಾರಿ ನಮಗಿಲ್ಲ. ಅಲ್ಲಿ ಕೊನೆಯ ಉಸಿರಿನವರೆಗೂ ಜೊತೆಗಿರುವುದೇ ಧರ್ಮ. ಈ ಅಂತರವನ್ನು ಮಕ್ಕಳಿಗೆ ಸ್ಪಷ್ಟವಾಗಿ ತಿಳಿಸಬೇಕು.

ಆದರೂ ಒಂದು ಪಾಠ ಎರಡೂ ಕಡೆಗೆ ಸಲ್ಲುತ್ತದೆ. ಗುಣವಾಗದೆಂದ ಮಾತ್ರಕ್ಕೆ ಆರೈಕೆ ವ್ಯರ್ಥವಲ್ಲ. ಸೀನುವ ಪುಟ್ಟ ಜೀವಿಗೆ ತಪ್ಪದೆ ಔಷಧಿ ಹನಿಸಿದ ಮಗುವು ಮುಂದೆ ಉಬ್ಬಸದಿಂದ ಬಳಲುವ ಅಜ್ಜಿಯ ಮಂಚದ ಬಳಿ ಬೇಸರಿಸದೆ ಕುಳಿತೀತು. ಎರಡು ಕಾಸಿಗೆ ಐದರಂತೆ ಮಾರಾಟವಾಗುವ ಗುಬ್ಬಿಗಳಲ್ಲಿ ಒಂದನ್ನೂ ಮರೆಯದ ತಂದೆಯ ಮಕ್ಕಳಲ್ಲವೇ ನಾವು?