‘ರಾಬ್’ ಮತ್ತು ‘ಹಾರ್ವೆಸ್ಟ್’: ಜೇನಿನ ಕುರಿತು ಎರಡು ಶಬ್ದಗಳು

ತಡಿಯಂಡಮೋಳ್ ಬೆಟ್ಟದ ತಪ್ಪಲಲ್ಲಿರುವ ಕೊಡಗಿನ ಕಕ್ಕಬೆ ಜೇನಿಗೆ ಹೆಸರಾದ ಊರು. ಜೇನುಪೆಟ್ಟಿಗೆಯಿಂದ ಜೇನು ತೆಗೆಯುವ ಕ್ರಿಯೆಗೆ ಇಂಗ್ಲಿಷಿನಲ್ಲಿ ಇಂದು ಸಾಮಾನ್ಯವಾಗಿ ಬಳಸುವ ಶಬ್ದ ‘ಹಾರ್ವೆಸ್ಟ್’, ಎಂದರೆ ಕೊಯ್ಲು, ಸುಗ್ಗಿ. ಅದೇ ಭಾಷೆಯ ಹಳೆಯ ಜೇನುಗಾರರು ಅದೇ ಕ್ರಿಯೆಯನ್ನು ‘ರಾಬ್’, ಎಂದರೆ ದೋಚುವುದು, ಎಂದೂ ಸಂಕೋಚವಿಲ್ಲದೆ ಕರೆದಿದ್ದಾರೆ. ಮಧುತ್ಯಾಗವನ್ನು ಮೂಲಗುಣಗಳಲ್ಲಿ ಎಣಿಸುವ ಶ್ರಾವಕನಿಗೆ ಇದು ಕೇವಲ ನಿಘಂಟಿನ ಪ್ರಶ್ನೆಯಲ್ಲ. ಪೆಟ್ಟಿಗೆಯ ಜೇನಿನಲ್ಲಿ ಹುಳು ಸಾಯುವುದಿಲ್ಲವಾದ್ದರಿಂದ ಔಷಧದ ಅನುಪಾನಕ್ಕಾದರೂ ಅದನ್ನು ಬಳಸಬಾರದೇಕೆ ಎಂದು ಕೇಳುವವರು ನಮ್ಮ ಮನೆಗಳಲ್ಲಿಯೇ ಇದ್ದಾರೆ.

ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹಿಂದೆ ಹೊಗೆ ಹಾಕಿ ಎರಿಯನ್ನು ಕತ್ತರಿಸಿ ಹಿಂಡುವಾಗ ಮೊಟ್ಟೆಮರಿಗಳೂ ಅದರೊಡನೆ ಹಿಂಡಿಹೋಗುತ್ತಿದ್ದವು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1852ರಲ್ಲಿ ಪೇಟೆಂಟ್ ಪಡೆದ ಬಿಡಿ ಚೌಕಟ್ಟುಗಳ ಪೆಟ್ಟಿಗೆಯೂ 1865ರಲ್ಲಿ ಹ್ರುಶ್ಕಾ ಎಂಬಾತ ತೋರಿಸಿದ ತಿರುಗುಯಂತ್ರವೂ ಆ ರೀತಿಯನ್ನು ಬದಲಿಸಿದವು. ಕೆಳಗೆ ಮರಿಗಳ ಕೋಣೆ, ಮೇಲೆ ಜೇನಿನ ಕೋಣೆ. ಎರಿ ಒಡೆಯದೆಯೇ ಜೇನು ಹೊರಬರುತ್ತದೆ. ಹಿಂಸೆ ಬಹಳಷ್ಟು ತಗ್ಗಿತೆಂಬುದನ್ನು ಒಪ್ಪಲೇಬೇಕು.

ಆದರೆ ಸುಗ್ಗಿಯು ಬಿತ್ತಿದವನಿಗೆ ಸಲ್ಲತಕ್ಕದ್ದು. ಕಾಫಿಯ ಹೂವಿನಿಂದ ಮಕರಂದ ತಂದವನು ಪೆಟ್ಟಿಗೆಯ ಯಜಮಾನನಲ್ಲ. ಕೊಡಗಿನ ಮಳೆಗಾಲದಲ್ಲಿ ಹೊರಗೆ ಹಾರಲಾಗದ ದಿನಗಳಿಗೆಂದು ನೊಣಗಳು ಕೂಡಿಟ್ಟದ್ದನ್ನು ತೆಗೆದುಕೊಂಡು ಅವನು ಸಕ್ಕರೆಯ ಪಾಕವನ್ನಿಡುತ್ತಾನೆ. ಒಂದು ಪಕ್ಷದ ಒಪ್ಪಿಗೆಯನ್ನೇ ಕೇಳದ ವಿನಿಮಯವಿದು! ‘ಹಾರ್ವೆಸ್ಟ್’ ಈ ಸಂಗತಿಯನ್ನು ಮರೆಮಾಡುತ್ತದೆ. ‘ರಾಬ್’ ಎಂಬುದಾದರೂ ಪೂರ್ಣ ನ್ಯಾಯವಲ್ಲ. ದರೋಡೆಕೋರನು ಗೂಡನ್ನು ಇರುವೆಗಳಿಂದ ಕಾಯುವುದಿಲ್ಲ. 1991–92ರಲ್ಲಿ ದಕ್ಷಿಣ ಭಾರತದಲ್ಲಿ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ರೋಗದಿಂದ ತುಡುವೆ ಜೇನಿನ ಕುಟುಂಬಗಳು ಅಪಾರವಾಗಿ ನಾಶವಾದಾಗ, ಬದುಕುಳಿದವನ್ನು ಜತನದಿಂದ ಬೆಳೆಸಿದವರು ಜೇನುಗಾರರೇ. (ಕನ್ನಡದ ‘ಜೇನು ಕೀಳು’ ಎಂಬ ಮಾತು ಇವೆರಡಕ್ಕಿಂತ ಪ್ರಾಮಾಣಿಕವೆನ್ನಬೇಕು. ಕಳೆ ಕೀಳುವಂತೆ, ಹಲ್ಲು ಕೀಳುವಂತೆ, ಅಲ್ಲಿರುವುದು ಬಲ ಮಾತ್ರ.)

ಈ ಎರಡು ಶಬ್ದಗಳು ನಿಜಕ್ಕೂ ಎರಡು ಬೇರೆ ಪ್ರಶ್ನೆಗಳಿಗೆ ಸೇರಿದವು. ಮೊದಲನೆಯದು ಹಿಂಸೆಯ ಪ್ರಶ್ನೆ. ಎರಡನೆಯದು ಅದತ್ತಾದಾನದ, ಎಂದರೆ ಕೊಡದಿದ್ದುದನ್ನು ತೆಗೆದುಕೊಳ್ಳುವ ಪ್ರಶ್ನೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ತಾನಾಗಿ ತೊಟ್ಟಿಕ್ಕಿದ ಜೇನಿನಲ್ಲಿಯೂ ಅದನ್ನಾಶ್ರಯಿಸಿದ ಜೀವಿಗಳ ಹಿಂಸೆಯನ್ನು ಕಂಡಿದ್ದಾರೆ, ಆದುದರಿಂದ ಮೊದಲನೆಯ ಪ್ರಶ್ನೆಯೇ ಪೆಟ್ಟಿಗೆಯಿಂದ ಮುಗಿಯಲಿಲ್ಲ. ಮುಗಿಯಿತೆಂದೇ ಇಟ್ಟುಕೊಂಡರೂ ಎರಡನೆಯದಕ್ಕೆ ಯಾವ ಯಂತ್ರವೂ ಉತ್ತರ ಕೊಡಲಾರದು. ಅನುಪಾನಕ್ಕೆ ತುಪ್ಪವೋ ಬೆಲ್ಲವೋ ಆದೀತೇ ಎಂದು ವೈದ್ಯರನ್ನು ಮೊದಲು ಕೇಳುವುದು ಉಚಿತ.

ಮುನಿಗಳ ಆಹಾರಚರ್ಯೆಯನ್ನು ಭ್ರಾಮರೀ ವೃತ್ತಿಯೆಂದು ಕರೆಯುವುದುಂಟು. ಹೂವಿಗೆ ನೋವಾಗದಂತೆ ದುಂಬಿ ರಸ ಹೀರುವ ಹಾಗೆ ದಾತೃವಿಗೆ ಭಾರವಾಗದಂತೆ ಆಹಾರ ಸ್ವೀಕರಿಸುವುದೆಂದು ಇದರ ಅರ್ಥ. ಆದರೂ ಮುನಿಯು ದುಂಬಿಗಿಂತ ಒಂದು ಹೆಜ್ಜೆ ಮುಂದೆ ನಿಲ್ಲುತ್ತಾನೆ. ದುಂಬಿ ಹೂವನ್ನು ಕೇಳುವುದಿಲ್ಲ. ಮುನಿಯು ನೀಡದ ತುತ್ತನ್ನು ಮುಟ್ಟುವುದಿಲ್ಲ. ಪರಾಗಸ್ಪರ್ಶಕ್ಕಾಗಿ ಮಾತ್ರ ಕಾಫಿತೋಟದಲ್ಲಿ ಪೆಟ್ಟಿಗೆಗಳನ್ನಿರಿಸಿ, ಜೇನನ್ನು ನೊಣಗಳಿಗೇ ಬಿಡುವ ಬೆಳೆಗಾರನಿದ್ದರೆ ಅವನ ವಿಷಯದಲ್ಲಿ ‘ರಾಬ್’ ಸಲ್ಲುವುದಿಲ್ಲ. ಅವನ ಗಿಡದಲ್ಲಿ ಹೆಚ್ಚಿದ ಕಾಫಿಯ ಫಸಲಿಗಾದರೆ ‘ಹಾರ್ವೆಸ್ಟ್’ ಎಂಬ ಹೆಸರು ತಕ್ಕುದಾಗಿಯೇ ಇದೆ.